ಕಲಗಚ್ಚಿನ ಬಕೆಟ್ಟು

ಬೆಳಗಿನ ತಿಂಡಿಯ ಹೊತ್ತಿಗೆ ಸೊಸೆ ಗೋಪಿಕಾ ಫೋನ್ ಹಿಡಿದು ಓದಿದಳು: "ಯಾರೋ ಕಾಡುಪ್ರಾಣಿಗಳಿಗೆ ಆಹಾರ ಇಡುತ್ತಿದ್ದಾರೆ. ಬೇಲಿಯ ಬಳಿ ಗೊರಸಿನ ಗುರುತು ಸಿಕ್ಕಿದೆ. ಇಂದು ಅರಣ್ಯ ಇಲಾಖೆಯವರು ಬರುತ್ತಾರೆ." ಓದಿ ತಲೆ ಎತ್ತಿದಳು. "ಬಡಾವಣೆ ಸಂಘದ ಸೆಕ್ರೆಟರಿ ಆದ್ಮೇಲೆ ನಂದು ಮೊದಲನೇ ನೋಟೀಸು. ಹೆಂಗೈತೆ ಅತ್ತೆ?"

"ಚೆನ್ನಾಗೈತೆ ಕಣಮ್ಮ," ಎಂದರು ಜಾನಕಿಯಮ್ಮ. ತಟ್ಟೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದರು.

ಅವರು ಮೊದಲಿದ್ದ, ತಮಿಳು ಸೀಮೆಯ ಕರುಮತ್ತಂಪಟ್ಟಿಯ ನೇಕಾರರ ಬೀದಿಯಲ್ಲಿ ಯಾರೂ ಅಕ್ಕಿ ತೊಳೆದ ನೀರು ಚೆಲ್ಲುತ್ತಿರಲಿಲ್ಲ. ಆ ನೀರು, ತರಕಾರಿ ಸಿಪ್ಪೆ, ಮಗ್ಗದ ಹಾಸಿನ ನೂಲಿಗೆ ಹಚ್ಚಿ ಉಳಿದ ಗಂಜಿ ಎಲ್ಲ ಹಿಂಬಾಗಿಲ ಕಲ್ಲುಬಾನಿಗೆ. ಯಾರ ಹಸುವೋ ಬಂದು ಕುಡಿದು ಹೋಗುತ್ತಿತ್ತು. ಈಗ ಅವರಿರುವ ಮಗನ ಬಂಗಲೆಯ ಬಡಾವಣೆ ಬೆಟ್ಟದ ಬುಡದಲ್ಲಿ, ಮೂರು ಕಡೆ ಮೀಸಲು ಕಾಡು. "ಇಲ್ಲಿ ಇನ್ಯಾರೂ ಮನೆ ಕಟ್ಟೋಹಂಗಿಲ್ಲಮ್ಮ" ಎಂದು ಮಗ ಹೆಮ್ಮೆಯಿಂದ ಹೇಳಿದ್ದ. ಬಂದ ಮೂರನೇ ದಿನಕ್ಕೇ ಜಾನಕಿಯಮ್ಮ ಬೇಲಿಯ ಸಂದಿಯಲ್ಲಿ ಕಲಗಚ್ಚಿನ ಬಕೆಟ್ಟು ಇಟ್ಟಿದ್ದರು. ಮರುದಿನ ಅದು ಖಾಲಿ. ಆಮೇಲೆ ದಿನವೂ ಖಾಲಿ. ಕುಡಿಯುವುದು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಯೋಚನೆಯೆಲ್ಲ ಒಟ್ಟಿಗೇ ಬಂತು. ಕಾಟಿ ಎಂಬ ಕಾಡುಕೋಣವಾಗಿದ್ದರೆ? ವಾಸನೆ ಹಿಡಿದು ಆನೆ ಬಂದರೆ? ಸಂಜೆ ಆ ದಾರಿಯಲ್ಲೇ ಮಕ್ಕಳು ಸೈಕಲ್ ತುಳಿಯುತ್ತಾರೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಸೊಸೆಯ ಮಾನ ಹೋಗುತ್ತದೆ. ಸೆರಗು ಬಿಗಿಮಾಡಿಕೊಂಡು ಬೇಲಿಯ ಕಡೆ ನಡೆದೇಬಿಟ್ಟರು.

ಅರಣ್ಯ ಕಾವಲುಗಾರ ಮುರುಗೇಶನ್ ಮಣ್ಣಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಗೋಪಿಕಾ, ಅಕ್ಕಪಕ್ಕದ ಮನೆಯವರು.

"ಇಟ್ಟವಳು ನಾನಪ್ಪ," ಎಂದರು ಜಾನಕಿಯಮ್ಮ ತಮಿಳಿನಲ್ಲಿ. "ಕೇಸ್ ಹಾಕೋದಾದ್ರೆ ನನ್ಮೇಲೆ ಹಾಕು. ಸೊಸೆಗೆ ಏನೂ ಗೊತ್ತಿಲ್ಲ."

ಗೋಪಿಕಾ ಗಕ್ಕನೆ ಅತ್ತೆಯತ್ತ ತಿರುಗಿದಳು.

"ಇರಿ ಅಮ್ಮಾ," ಎಂದು ಮುರುಗೇಶನ್ ಗೊರಸಿನ ಗುರುತಿಗೆ ಗೇಣು ಹಾಕಿದ. "ಕಾಟಿ ಕಾಲು ಇಷ್ಟು ಚಿಕ್ಕದಿರಲ್ಲ." ಬೆರಳನ್ನು ಪಕ್ಕದ ಉದ್ದ ಗೀರಿನ ಮೇಲೆ ಎಳೆದ. "ಮೇಲಾಗಿ, ಯಾವ ಕಾಟಿ ಹಗ್ಗ ಎಳ್ಕೊಂಡು ಬರುತ್ತೆ?"

ಗಿಡಗಳಿಗೆ ನೀರು ಬಿಡುತ್ತಿದ್ದ ತೋಟದ ಕೆಲಸದ ರಾಜಾಮಣಿ ಪೈಪನ್ನು ಅಲ್ಲೇ ಬಿಟ್ಟು ಓಡಿಬಂದಳು.

"ಅಯ್ಯೋ, ನಮ್ಮ ಕೆಂಪು ಹಸು ಸೆವಲೆ! ಹಳ್ಳದಾಚೆ ನಮ್ಮನೆ. ದಿನಾ ಹಗ್ಗ ಕಿತ್ಕೊಂಡು ಎಲ್ಲಿಗೆ ಹೋಗ್ತಾಳೆ ಅಂತ ತಿಂಗಳಿಂದ ಹುಡುಕ್ತಾ ಇದೀನಿ. ಹಾಲು ಬೇರೆ ಜಾಸ್ತಿ ಕೊಡ್ತಾಳೆ!"

ಮೊದಲು ನಕ್ಕವಳು ಗೋಪಿಕಾ. ಜಾನಕಿಯಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

"ನಗಬೇಡಿ," ಎಂದ ಮುರುಗೇಶನ್. "ಇವತ್ತು ಹಸು, ನಾಳೆ ಅದರ ಹಿಂದೆ ಚಿರತೆ. ಇಲ್ಲಿ ಇನ್ಮೇಲೆ ಏನೂ ಇಡಬಾರದು."

"ಇಡಲ್ಲಪ್ಪ, ಆಣೆಯಾಗಿ ಇಡಲ್ಲ."

"ನನ್ಹತ್ರ ಮೊದಲೇ ಹೇಳಬಾರದಾ ಅತ್ತೆ?" ಗೋಪಿಕಾ ಅವರ ಭುಜ ಹಿಡಿದಳು.

"ನೀನು ಸೆಕ್ರೆಟರಿ ಅಲ್ವಾ. ಭಯ ಆಯ್ತು."

ರಾಜಾಮಣಿ ಬಕೆಟ್ಟನ್ನು ಎತ್ತಿಕೊಂಡಳು. "ನಾಳೆಯಿಂದ ನಾನೇ ಬಂದು ತಗೊಂಡ್ಹೋಗ್ತೀನಮ್ಮ. ಒಂದು ಚಿಟಿಕೆ ಉಪ್ಪು ಹಾಕಿಡಿ, ಅವಳಿಗೆ ಇಷ್ಟ."

"ಹಾಕ್ತೀನಿ," ಎಂದು ಜಾನಕಿಯಮ್ಮ, ಇಲ್ಲಿಗೆ ಬಂದು ತಿಂಗಳಾದ ಮೇಲೆ ಮೊದಲ ಸಲ ಬೇಲಿಯಾಚೆಯ ಕಾಡನ್ನು ಕಣ್ತುಂಬ ನೋಡಿದರು.