ಮೊರ ಎತ್ತಿ

ಮೈಕಿನ ಬಾಯಲ್ಲಿ ಎಲೆಅಡಿಕೆ ವಾಸ್ನೆ, ನಂಗಿಂತ ಮುಂಚೆ ಮಾತಾಡ್ದೋನು ಜಗೀತಿದ್ದ ಕಾಣ್ತದೆ, ಕಲ್ಯಾಣ ಮಂಟಪದ ಫ್ಯಾನು ತಿರುಗ್ತಾ ಅದೆ, ಗಾಳಿ ಮಾತ್ರ ಇಲ್ಲ, ನಂಜನಗೂಡಿನ ಸೆಖೆನೆಲ್ಲ ತಂದು ನನ್ನ ಬೆನ್ನಿಗೇ ಕಟ್ಟವ್ರೆ — ನಾಗೇಂದ್ರ, ನೀನೇ ಅನೌನ್ಸ್ ಮಾಡ್ಬೇಕು ಕಣ್ಲಾ, ಅಂದ್ರು ಚನ್ನಯ್ಯನೋರು, ನಮ್ಮ ಪಕ್ಷ ಹುಟ್ಟಿಸ್ದೋರು, ಇವತ್ತು ಅದ್ನ ದೊಡ್ಡ ಪಕ್ಷದೊಳಕ್ಕೆ ಸೇರಿಸ್ತಿರೋರೂ ಅವ್ರೇ, ನಿನ್ ಗಂಟ್ಲು ಕೇಳುದ್ರೆ ಜನ ನಂಬ್ತಾರೆ, ನಿನ್ ಮಗಳು ರಂಜಿನಿಗೆ ಅಂಗನವಾಡಿ ಕೆಲ್ಸ ಕೊಡ್ಸೋದು ನನ್ನ ಜವಾಬ್ದಾರಿ — ಹೂಂ ಸಾ ಅಂದ್ಬುಟ್ಟೆ, ಕೂಸು ಓದಿ ಮನೇಲಿ ಕುಂತವ್ಳೆ, ಏನ್ಮಾಡ್ಲಿ, ಅಂದ್ಬುಟ್ಟೆ, ಅವ್ವಂಗೆ ಮಾತ್ರ ಹೇಳ್ನಿಲ್ಲ, ಧೈರ್ಯ ಬರ್ನಿಲ್ಲ, ಆದ್ರೂ ಅಗೋ, ಮುಂದಿನ ಸಾಲಲ್ಲೇ ನಮ್ಮವ್ವ ಚಿನ್ನಮ್ಮ, ಹೆಮ್ಮರಗಾಲದಿಂದ ಒಬ್ಳೇ ಬಸ್ ಹತ್ತಿ ಬಂದವ್ಳೆ, ಮೀಟಿಂಗು ಅಂತ ಯಾರೋ ಅಂದಿರ್ಬೇಕು, ಮೀಟಿಂಗು ಅಂದ್ರೆ ಅವಳಿಗೆ ನಮ್ದೇ ಪಕ್ಷ, ತೊಡೆ ಮೇಲೆ ಮೊರ ಇಟ್ಕಂಡವ್ಳೆ.

ಮೊರ ನಮ್ಮ ಪಕ್ಷದ ಗುರ್ತು — ನಾಲೆ ನೀರು ಕೇಳುದ್ರೆ ಎರಡು ದೊಡ್ಡ ಪಕ್ಷದೋರೂ ಒಬ್ರ ಮೇಲೊಬ್ರು ಹಾಕ್ತಿದ್ದ ಕಾಲ, ಚನ್ನಯ್ಯನೋರು ಲಟಾರಿ ಟಿವಿಎಸ್ ಮೇಲೆ ಬಂದು ನಮ್ಮ ಜಗ್ಲೀಲಿ ಕುಂತು ಅವ್ವ ಇಕ್ಕಿದ ಮುದ್ದೆ ಉಂಡ್ರು, ಯಾರ ಕಾಲೂ ಹಿಡಿಯಾದ್ ಬೇಡ ಚಿನ್ನಮ್ಮ, ನಾವೇ ಒಂದು ಪಕ್ಷ ಕಟ್ಟುವ, ಅಂದ್ರು, ಅವತ್ತಿಂದ ಅವ್ವ ಮೊರ ಹಿಡ್ಕಂಡು ಮನೆಮನೆಗೆ ಹೋದ್ಳು, ಒಂದು ಹಿಡಿ ರಾಗಿ ಆಕ್ದೋರು ನಮ್ಮೋರು ಕಣ್ಲಾ, ರಾಗಿ ಆಕಿದ್ ಕೈ ಬ್ಯಾರೆ ಬಟನ್ ಒತ್ತಾಕಿಲ್ಲ, ಅನ್ನೋಳು, ಆ ರಾಗೀಲೇ ಪ್ರಚಾರದೋರಿಗೆ ಊಟ, ನಾನು ಆಟೋಗೆ ಮೈಕ್ ಕಟ್ಕಂಡು ನರಸೀಪುರ, ಬನ್ನೂರು, ಚಿಕ್ಕಯ್ಯನಛತ್ರ ಎಲ್ಲಾ ಸುತ್ತಿ, ತಾಯಂದಿರೇ, ಅಕ್ಕತಂಗೀರೇ, ಮೊರ ಎತ್ತಿ! ಅಂದ್ರೆ ಸಾಕು, ಹೆಂಗಸ್ರು ಬಾಗ್ಲಲ್ಲಿ ನಿಂತು ಮೊರ ಮೇಲಕ್ಕೆತ್ತೋರು, ಅಯ್ಯೋ ಆ ಬನ್ನೂರು ಸಭೆ, ತಲೆ ಕಾಣ್ದಂಗೆ ಬರೀ ಮೊರ — ಪಂಚಾಯ್ತಿ ಗೆದ್ವಿ, ತಾಲೂಕಲ್ಲಿ ನಾವು ಕೈ ಜೋಡುಸ್ದೆ ಯಾರಿಗೂ ಕುರ್ಚಿ ಇಲ್ಲ ಅನ್ನಂಗಾಯ್ತು, ಅಲ್ಲೇ ಕೆಟ್ಟಿದ್ದು, ಇವತ್ತು ಇವರ ಜೊತೆ, ನಾಳೆ ಅವರ ಜೊತೆ, ಟಿವಿಎಸ್ ಹೋಗಿ ಕಾರು ಬಂತು, ಗೆದ್ದೋರು ಒಬ್ಬೊಬ್ರಾಗಿ ಜಾರ್ಕಂಡ್ರು, ಆಫೀಸಿದ್ದ ಜಾಗ ಮೊಬೈಲ್ ಅಂಗ್ಡಿ ಆಯ್ತು, ಹೋದ್ ಸಲ ಠೇವಣಿನೂ ಉಳೀನಿಲ್ಲ, ಮಿಕ್ಕಿದ್ದ ಪೋಸ್ಟರ್ನ ಅವ್ವ ನೀರಲ್ಲಿ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಮೊರಕ್ಕೆ ಬಳದ್ಳು, ಸಂದೀಲಿ ಕಾಳು ಸೋರ್ಬಾರ್ದು ಅಂತ, ಪಕ್ಷ ಎಲ್ಗ್ ಓದಾತು ಮೊಗಾ, ಇಲ್ಲೇ ಅಂಟ್ಕಂಡದೆ, ಅಂತ ನಕ್ಳು. ಅದೇ ಮೊರ ಅವಳ ತೊಡೆ ಮೇಲಿರೋದು.

ಶುರು ಮಾಡ್ಲಾ, ಟೈಮಾಯ್ತು, ಚನ್ನಯ್ಯನೋರು ಬೆನ್ನಿಗೆ ತಿವೀತಾವ್ರೆ, ಟೇಬಲ್ ಮೇಲೆ ಹೊಸ ಶಾಲು ಕಟ್ಟುಕಟ್ಟು, ಅವ್ವ ಎದ್ದು ಹೋಗವ್ವ, ನೀರು ಕುಡಿಯಕ್ಕಾದ್ರೂ ಹೋಗು, ಅಡಕತ್ತರೀಲಿ ಸಿಕ್ಕಂಡಿವ್ನಿ ಕಣವ್ವ, ಉಂಡ ಮನೆಗೆ ಎರಡು ಬಗೀತಿವ್ನಿ, ರಂಜಿನಿ ಮುಖ ನೆನೀತೀನಿ, ರಂಜಿನಿ, ರಂಜಿನಿ, ಬಾಯಿ ತೆಗುದ್ರೆ ಹಾಳಾದ್ ನಾಲ್ಗೆ ಹಳೇ ದಾರೀಲೇ ಹೋಯ್ತದೆ — ತಾಯಂದಿರೇ, ಅಕ್ಕತಂಗೀರೇ — ಅಷ್ಟೇ ಅಂದಿದ್ದು, ಅಷ್ಟಕ್ಕೇ ಅವ್ವ ಎದ್ದು ನಿಂತ್ಳು, ಮೊರ ಮೇಲಕ್ಕೆ ಹೋಯ್ತು, ಇಡೀ ಮಂಟಪದಲ್ಲಿ ಒಂದೇ ಒಂದು, ಹಿಂದೆ ಯಾರೋ ಕಿಸಕ್ಕಂತ ನಕ್ರು, ಅಜ್ಜೀ, ಇಳ್ಸವ್ವ, ಕಾಣಾಕಿಲ್ಲ, ಇತ್ಲಾಗೆ ಚನ್ನಯ್ಯನೋರು, ಹೇಳ್ಲಾ ನಾಗೇಂದ್ರ ಹೇಳ್ಲಾ — ಹೇಳ್ದೆ, ನಮ್ಮ ಪಕ್ಷ ಇವತ್ತಿಂದ ಇಲ್ಲ, ನಾವೆಲ್ಲ ಒಂದೇ ಮನಸ್ಸಿಂದ ದೊಡ್ಡ ಪಕ್ಷ ಸೇರ್ತಿದೀವಿ, ಗಂಟ್ಲು ಗಂಟೆಯಂಗೆ ಬಂತು, ಥೂ, ಎಂದೂ ಇಷ್ಟು ಚೆನ್ನಾಗಿ ಬಂದಿರ್ನಿಲ್ಲ, ಚಪ್ಪಾಳೆ, ಶಾಲು ಕತ್ತಿನ ಮೇಲೆ ಬಿತ್ತು, ಕೇಳುಸ್ತಾ ಅವ್ವ, ಕೇಳುಸ್ತು ತಾನೆ, ಇಳ್ಸು ಮತ್ತೆ, ಇಳ್ಸು, ಬೈಯಿ, ಕ್ಯಾಕರಿಸಿ ಉಗಿ, ಮುಖನಾದ್ರೂ ತೋರ್ಸು — ಮುಖ ಕಾಣ್ತಿಲ್ಲ, ಮೊರ ಅಡ್ಡ ಬಂದದೆ, ಬರೀ ಮೊರ.