ಎರಡೂರ ನಡುವಿನ ಜಾಗ

"ನೀವೇ ಒಂದ್ ಮಾತು ಹೇಳ್ಬುಡಿ ಮೇಷ್ಟ್ರೇ. ನಾವೂ ಒಪ್ಕತೀವಿ, ಅವ್ರೂ ಒಪ್ಕತಾರೆ," ಎಂದ ಮಾಳದಹಳ್ಳಿಯ ಯಜಮಾನ ಕುಳ್ಳಯ್ಯ.

ಉಮಾಶಂಕರ ಕನ್ನಡಕ ಒರೆಸಿಕೊಂಡ. ಒರೆಸುವಂಥದ್ದೇನೂ ಇರಲಿಲ್ಲ. ಮಾರಿಗುಡಿಯ ಜಗಲಿಯ ಎಡಕ್ಕೆ ಮಾಳದಹಳ್ಳಿಯವರು, ಬಲಕ್ಕೆ ಕಟ್ಟೆಹುಂಡಿಯವರು. ಸರ್ಕಾರ ಎರಡು ಊರಿಗೂ ಸೇರಿಸಿ ಒಂದೇ ಆರೋಗ್ಯ ಉಪಕೇಂದ್ರ ಮಂಜೂರು ಮಾಡಿತ್ತು. ಮಾಳದಹಳ್ಳಿಯಲ್ಲಿ ಜನ ಹೆಚ್ಚು, ಕಟ್ಟೆಹುಂಡಿಗೆ ಬಸ್ಸಿಲ್ಲ. ಎಲ್ಲಿ ಕಟ್ಟಿಸಬೇಕೆಂಬ ಜಗಳ ವರ್ಷದಿಂದ ನಡೆದೇ ಇತ್ತು.

ಹುಣಸೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಉಮಾಶಂಕರ ಹುಟ್ಟಿದ್ದು ಮಾಳದಹಳ್ಳಿಯಲ್ಲಿ. ಅಕ್ಕ ಸುನಂದಮ್ಮನನ್ನು ಕೊಟ್ಟಿದ್ದು ಕಟ್ಟೆಹುಂಡಿಗೆ. ಹಾಗಾಗಿ ಎರಡು ಕಡೆಗೂ ಬೇಕಾದ ಮನುಷ್ಯ. ಆರೋಗ್ಯ ನೀತಿಯಲ್ಲಿ ಸಹಮತ ಮೂಡಿಸುವುದು ಹೇಗೆ ಎಂದು ಮೈಸೂರಿನಲ್ಲಿ ಪ್ರಬಂಧ ಓದಿ ಶಾಲು ಹೊದಿಸಿಕೊಂಡು ಬಂದಿದ್ದ ಬೇರೆ.

ಬೆಳಿಗ್ಗೆ ಅಕ್ಕನ ಮನೆಯಲ್ಲೇ ಅಕ್ಕಿ ರೊಟ್ಟಿ ತಿಂದಿದ್ದ. ಸಕ್ಕರೆ ಕಾಯಿಲೆಯ ಹುಣ್ಣಿಗೆ ಬ್ಯಾಂಡೇಜು ಸುತ್ತಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಅವಳು ಕೇಳಿದ್ದಳು:

"ದಿನಾ ಕಟ್ಟು ಬಿಚ್ಚಿ ಕಟ್ಟಿಸ್ಕಬೇಕಂತೆ ಕಣಪ್ಪ. ಇಲ್ದಿದ್ರೆ ಕಾಲೇ ತೆಗೀಬೇಕಂತೆ. ದಿನಾ ಗಾವಡಗೆರೆ ಆಸ್ಪತ್ರೆಗೆ ಯಾರು ಕರ್ಕೊಂಡೋಗ್ತಾರೆ? ಹೊಸ ಆಸ್ಪತ್ರೆ ನಮ್ಮೂರಿಗೇ ಬರಂಗೆ ಮಾಡ್ಬುಡು."

"ನೋಡಣ ಅಕ್ಕ."

"ನೋಡದೇನು? ನೀನೇ ಅಲ್ವಾ ಹೇಳೋನು?"

"ಇನ್ನೊಂದು ರೊಟ್ಟಿ ಹಾಕು," ಎಂದಿದ್ದ.

ಈಗ ಜಗಲಿಯಲ್ಲಿ ಬಲಕ್ಕೆ ನೋಡಲೂ ಅಂಜಿಕೆ. ಕಟ್ಟೆಹುಂಡಿ ಎಂದರೆ ಅಕ್ಕನ ಪಕ್ಷ ವಹಿಸಿದ ಎನ್ನುತ್ತಾರೆ. ಅನ್ನಲಿ ಬಿಡು ಎನ್ನುವ ಎದೆಗಾರಿಕೆ ಅವನಿಗೆ ಎಂದೂ ಇದ್ದದ್ದಲ್ಲ. ನಿಷ್ಪಕ್ಷಪಾತಿ ಎಂಬ ಹೆಸರು ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಎಲ್ಲಿ ಮುದುಡೀತೋ ಎಂದು ಕೂರಲೂ ಹೆದರುತ್ತಿದ್ದ.

"ಎರಡು ಊರಿಗೂ ಸರಿಸಮ ದೂರದಲ್ಲಿ ಗೋಮಾಳ ಇದೆಯಲ್ಲ," ಎಂದ. "ಅಲ್ಲೇ ಕಟ್ಟಿಸಿದರೆ?"



"ಅವ್ರಿಗೂ ಇಲ್ಲ, ನಮ್ಗೂ ಇಲ್ಲ. ನ್ಯಾಯ ಅಂದ್ರೆ ಇದು ಕಣ್ಲಾ!" ಎಂದು ಕಟ್ಟೆಹುಂಡಿಯ ಯಜಮಾನ ನಿಂಗರಾಜು ತೊಡೆ ತಟ್ಟಿದ.

ಸೋಲಲಿಲ್ಲವೆಂಬ ಸಂತೋಷ ಎರಡು ಕಡೆಗೂ. ಗೋಮಾಳದಲ್ಲಿ ನೀರಿಲ್ಲ, ರಸ್ತೆಯಿಲ್ಲ. ಕಾಲು ಸರಿಯಿದ್ದವರಿಗೇ ಅರ್ಧ ಗಂಟೆಯ ನಡಿಗೆ. ಉಮಾಶಂಕರನಿಗೆ ಅದು ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ವೀಳ್ಯ ಬಂತು. ಇಬ್ಬರು ಯಜಮಾನರೂ ಅವನ ಕೈಯಿಂದ ಎಲೆ ಅಡಿಕೆ ತೆಗೆದುಕೊಂಡರು. ಅಲ್ಲಿಗೆ ಮಾತು ಮುಗಿಯಿತು. ಎಲೆ ತೆಗೆದುಕೊಂಡ ಮೇಲೆ ಹಿಂದೆ ಸರಿಯುವ ಪದ್ಧತಿ ಈ ಕಡೆ ಇಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ತಲೆ ತಗ್ಗಿಸಿದ್ದನ್ನು ಜನ ವಿನಯವೆಂದುಕೊಂಡರು.

ಎಲ್ಲರೂ ಗೋಮಾಳಕ್ಕೆ ಹೋಗಿ ಲಂಟಾನ ಪೊದೆಗಳ ನಡುವೆ ಗೂಟ ಹೊಡೆದರು. ಫೋಟೋ ತೆಗೆಸಿಕೊಂಡು ಬಾಡೂಟಕ್ಕೆ ಹಿಂತಿರುಗಿದರು. "ನೀವು ನಡೀರಿ, ಬರ್ತೀನಿ," ಎಂದು ಉಮಾಶಂಕರ ಒಬ್ಬನೇ ಉಳಿದ.

ಕಟ್ಟೆಹುಂಡಿಯ ಕಡೆಯಿಂದ, ರಾಗಿ ಹೊಲದ ಬದುವಿನ ಮೇಲೆ, ಯಾರೋ ಕೋಲೂರಿಕೊಂಡು ಬರುತ್ತಿದ್ದರು. ಅಕ್ಕ. ತಮ್ಮನೇ ಜಗಳ ಬಗೆಹರಿಸಿ ಜನರೊಡನೆ ಗೋಮಾಳಕ್ಕೆ ಹೋದನೆಂಬ ಸುದ್ದಿಯಷ್ಟೇ ಊರು ಮುಟ್ಟಿರಬೇಕು. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

"ಎಲ್ಲಪ್ಪಾ ಉಮಾ, ಎಲ್ ಬತ್ತದೆ ಆಸ್ಪತ್ರೆ?" ಅಲ್ಲಿಂದಲೇ ಕೂಗಿದಳು. ದನಿಯಲ್ಲಿ ಹೆಮ್ಮೆಯಿತ್ತು.

ಅಲ್ಲೇ ನಿಲ್ಲು ಎನ್ನಲು ಅವನು ಕೈ ಎತ್ತಿದ. ಕರೆಯುತ್ತಿದ್ದಾನೆಂದುಕೊಂಡು ಅವಳು ಕೋಲೂರಿ ಮತ್ತೆ ಹೊರಟಳು. ಬೇಡವೆಂದು ಕೂಗಬಹುದಿತ್ತು. ಉಮಾಶಂಕರ ಎತ್ತಿದ ಕೈಯನ್ನು ಇಳಿಸದೆ, ಆ ಬಯಲಿನಲ್ಲಿ ಹಾಗೇ ನಿಂತಿದ್ದ.