ಕ್ಲಚ್ ಇಲ್ಲದ ಗಾಡಿ

ಈ ಗಾಡಿಗೆ ಕ್ಲಚ್ ಇಲ್ಲ. ಇದನ್ನು ಆಳಂದದಲ್ಲಿ ಎಷ್ಟು ಮಂದಿಗೆ ಹೇಳಿದ್ದೇನೋ, ಹೇಳಿ ಹೇಳಿ ಬಾಯಿ ಬತ್ತಿದೆ. ನಿಲ್ಲಿಸಿದಲ್ಲೆಲ್ಲ ನಾಲ್ಕು ಜನ ಮುತ್ತುತ್ತಾರೆ, ಬಗ್ಗಿ ಎಡಗಡೆಯ ಹ್ಯಾಂಡಲ್ ನೋಡುತ್ತಾರೆ, ಅಲ್ಲಿ ಕ್ಲಚ್ಚಿನ ಹಿಡಿಕೆ ಇಲ್ಲದ್ದು ಕಂಡು ಯಾರೋ ಕಳವು ಮಾಡಿದ್ದಾರೆ ಎಂಬಂತೆ ನನ್ನ ಮುಖ ನೋಡುತ್ತಾರೆ. ಗೇರುಗಳಿವೆ, ಕಾಲಲ್ಲಿ ಹಾಕುವುದಿಲ್ಲ. ಹೆಬ್ಬೆರಳ ಹತ್ತಿರ ಒಂದು ಗುಂಡಿ ಇದೆ. ಅದನ್ನೂ ಒತ್ತದೆ ಬಿಟ್ಟರೆ ಒಳಗಿನ ಕಂಪ್ಯೂಟರೇ ಕ್ಲಚ್ ಹಿಡಿದು, ಗೇರ್ ಬದಲಿಸಿ, ಕ್ಲಚ್ ಬಿಡುತ್ತದೆ. "ಹಂಗಿದ್ರ ಒಂದು ಸ್ಕೂಟರ್ ತಗೋಬೇಕಿತ್ತಲ್ರಿ ಸಾವ್ಕಾರ್ರ?" ಎಂದು ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಹಫೀಜ ಕೂಡ ಕೇಳಿದ. ಸ್ಕೂಟರ್ ಅಂತೆ! ಆ ಗೇಣುದ್ದದ ಗಾಲಿ ಕಟ್ಟಿಕೊಂಡು ಎರೆಹೊಲದ ದಾರಿಯಲ್ಲಿ ಒಮ್ಮೆ ಹೋಗಿ ಬಾ ಮಗನೇ, ಟೊಂಕ ಎಲ್ಲಿದೆ ಅಂತ ಆಗ ತಿಳಿಯುತ್ತದೆ.

ನನ್ನದು ಬೇಳೆ ಮಿಲ್ಲು. ತೊಗರಿ ಹೊಲದಲ್ಲಿ ನಿಂತಿರುವಾಗಲೇ ಕಾಯಿ ಬಿಡಿಸಿ ನೋಡಿ ದರದ ಮಾತು ಮುಗಿಸುವುದು ನನ್ನ ಪದ್ಧತಿ. ಅದಕ್ಕಾಗಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಬೈಕಿನ ಮೇಲೆಯೇ ಸುತ್ತಿದವನು. ಕೆಲವು ವರ್ಷಗಳ ಹಿಂದೆ ಮಿಲ್ಲಿನ ಬೆಲ್ಟು ಎಡಗೈಯನ್ನು ಎಳೆದುಕೊಂಡಿತು. ಕೈ ಉಳಿಯಿತು, ಅದರ ನರ ಉಳಿಯಲಿಲ್ಲ. ಹ್ಯಾಂಡಲ್ ಮೇಲೆ ಇಟ್ಟರೆ ಇಟ್ಟಲ್ಲೇ ಕೂತಿರುತ್ತದೆ, ಭುಜದಿಂದ ತಳ್ಳಿದರೆ ಗಾಡಿ ತಿರುಗುತ್ತದೆ, ಅಷ್ಟೇ. ಕ್ಲಚ್ ಒತ್ತುವ ಬಲ ಬೆರಳಲ್ಲಿಲ್ಲ.

ಗಾಡಿ ಬಿಟ್ಟುಬಿಡು ಅಂತ ಊರೆಲ್ಲ ಬುದ್ಧಿ ಹೇಳಿತು. ನನ್ನ ಹೆಂಡತಿ ಗೌರಾಬಾಯಿ ಮಾತ್ರ ಹೇಳಲಿಲ್ಲ. ಒಂದು ಬೆಳಿಗ್ಗೆ ಸೀರೆಗೆ ಕಚ್ಚೆ ಹಾಕಿ, ಗಂಡಸರ ಹಾಗೆ ಎರಡೂ ಕಡೆ ಕಾಲು ಬಿಟ್ಟು ನನ್ನ ಹಿಂದೆ ಕೂತಳು. ನನ್ನ ಎಡ ಬಗಲ ಕೆಳಗಿಂದ ಕೈ ತೂರಿಸಿ ಕ್ಲಚ್ ಹಿಡಿದಳು. "ಹೇಳ್ರಿ, ಯಾವಾಗ ಹಿಡೀಲಿ, ಯಾವಾಗ ಬಿಡ್ಲಿ?" ಅಂದಳು. ನಾನು ‘ಹಿಡಿ’ ಅಂದರೆ ಹಿಡಿಯುವಳು, ಕಾಲಲ್ಲಿ ಗೇರ್ ಹಾಕಿ ‘ಬಿಡು’ ಅಂದರೆ ಬಿಡುವಳು. ಮೊದಮೊದಲು ಗಾಡಿ ಕಪ್ಪೆಯ ಹಾಗೆ ಜಿಗಿಯಿತು. ನಾನು ಬೈದೆ, ನನಗಿಂತ ಜೋರಾಗಿ ಅವಳು ಬೈದಳು. ಆಮೇಲೆ ಹೇಳುವುದೇ ಬೇಕಾಗಲಿಲ್ಲ, ಇಂಜಿನ್ನಿನ ದನಿ ಕೇಳಿಯೇ ಅವಳ ಬೆರಳು ಕೆಲಸ ಮಾಡುತ್ತಿತ್ತು. ದಾರಿಯುದ್ದಕ್ಕೂ ಜನ ಅವಳನ್ನು ಕ್ಲಚ್ ಅಕ್ಕ ಅಂತ ಕರೆಯತೊಡಗಿದರು. ಅವಳಿಗೆ ಆ ಹೆಸರು ಸೇರುತ್ತಿತ್ತು.

ಹೋದ ವರ್ಷ ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಜ್ವರ ಅಂತ ಮಲಗಿದವಳು ಏಳಲಿಲ್ಲ. ಹೆಂಗಸರು ಅವಳ ಗುಣಗಳನ್ನು ಹಾಡಿ ಹಾಡಿ ಅತ್ತರು. ಇಜೇರಿಗೆ ಕೊಟ್ಟ ನನ್ನ ಒಬ್ಬಳೇ ಮಗಳು ಸುನಿತಾ ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. ನಾನು ಅವಳ ಹೆಗಲ ಮೇಲಿಂದ ಪೆಂಡಾಲಿನವನನ್ನು ನೋಡಿ, ಕುರ್ಚಿ ಸಾಲುವುದಿಲ್ಲ, ಇನ್ನಷ್ಟು ತರಿಸು ಅಂದೆ. ದುಃಖ ಇರಲಿಲ್ಲ ಅಂತಲ್ಲ. ಇದೆಯೋ ಇಲ್ಲವೋ ಅದೇ ತಿಳಿಯಲಿಲ್ಲ. ಅತ್ತರೆ ನಾಟಕ, ಅಳದಿದ್ದರೆ ಕಟುಕ, ಊರ ಬಾಯಿಗೆ ಮುಚ್ಚಳ ಎಲ್ಲಿದೆ?

ಸತ್ತವರ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೇನಿ’ ಅನ್ನಬಾರದು, ಅದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮಣ್ಣು ಕೊಟ್ಟು, ಕಾರ್ಯ ಮುಗಿಸಿ, ಬೀಗರು ನೆಂಟರು ಎಲ್ಲ ಮಾತಿಲ್ಲದೆ ಎದ್ದು ಹೋದರು. ಸುನಿತಾ ಕೂಡ ಚೀಲ ಹಿಡಿದು ಮಾತಿಲ್ಲದೆ ಹೋದಳು. ನಾನು ಪದ್ಧತಿ ಅಂದುಕೊಂಡೆ. ಯುಗಾದಿಗೆ ಬರಲಿಲ್ಲ, ಕೆಲಸ ಇರಬೇಕು ಅಂದುಕೊಂಡೆ. ನಾಗರ ಪಂಚಮಿಗೂ ತವರಿಗೆ ಬರಲಿಲ್ಲ, ಆಗ ಗೊತ್ತಾಯಿತು. ಅವಳು ಪದ್ಧತಿಗೆ ಸುಮ್ಮನಿದ್ದು ಹೋದವಳಲ್ಲ, ಸಿಟ್ಟಿಗೆ ಸುಮ್ಮನಿದ್ದು ಹೋದವಳು.

ಅಷ್ಟರಲ್ಲಿ ಈ ಗಾಡಿ ಬಂತು. ಹಳೆಯದು ಮೂಲೆಯಲ್ಲಿ ನಿಂತಿತ್ತು, ಕ್ಲಚ್ ಹಿಡಿಯುವವರಿಲ್ಲ. ಕಾರಿನಲ್ಲಿ ಬದುವಿನ ಮೇಲೆ ಹೋಗಲಾಗದು. ದೂರದ ಪ್ರಯಾಣಕ್ಕಂತಲೇ ಮಾಡಿದ ದೊಡ್ಡ ಗಾಡಿ, ಎರಡೂ ಬದಿಗೆ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು. ಹಫೀಜ ನನ್ನನ್ನು ಅದರ ಮೇಲೆ ಕೂರಿಸಿ ಫೋಟೋ ಹೊಡೆದು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಹಾಳಾದವನು, ಕೆಳಗೆ ಹೂವಿನ ಚಿತ್ರ ಬೇರೆ. ಅದು ಯಾರ ಯಾರ ಕೈ ದಾಟಿ ಇಜೇರಿ ಮುಟ್ಟಿತೋ, ಸಂಜೆಗೆ ಸುನಿತಾಳ ಫೋನು ಬಂತು. "ನಮ್ಮವ್ವ ಸತ್ತು ವರ್ಷ ಆಗಿಲ್ಲ. ಮದಿಮಗನಂಗ ಗಾಡಿ ಮ್ಯಾಲ ಕೂತಿಯಲ್ಲ. ನಮ್ಮನೀಗಿ ಬರಬ್ಯಾಡ ನೀ" ಅಂದು ಇಟ್ಟಳು. ಆಮೇಲೆ ನಾನು ಮಾಡಿದ ಯಾವ ಫೋನನ್ನೂ ಎತ್ತಲಿಲ್ಲ.

ಈಗ ಮೊದಲ ಪುಣ್ಯತಿಥಿ ಬಂತು. ಇರುವವಳು ಒಬ್ಬ ಮಗಳು. ಅವಳು ಬಂದು ಅವ್ವನ ಗದ್ದುಗೆಗೆ ಹೂವು ಇಡದಿದ್ದರೆ ಊರವರಿಗೆಲ್ಲ ಹೋಳಿಗೆ ಹಾಕಿ ಏನು ಮಾಡಲಿ? ಫೋನು ಎತ್ತದವಳನ್ನು ಎದುರು ಹೋಗಿಯೇ ಕರೆಯಬೇಕು. ಬಾಗಿಲಿಂದಲೇ ತಿರುಗಿಸಿ ಕಳಿಸಿದರೆ ನನಗೆ ಈ ಲೋಕದಲ್ಲಿ ಹೋಗಿ ನಿಲ್ಲಲು ಇನ್ನೊಂದು ಬಾಗಿಲಿಲ್ಲ. ಇದು ಗೊತ್ತಿದ್ದೂ ದಿನದಂತೆ ಚಹಾ ಕುಡಿದು, ಮಿಲ್ಲಿನ ಕೀಲಿ ಆಳಿಗೆ ಕೊಟ್ಟು, ಗಾಡಿ ಹತ್ತಿದೆ.

ಗಾಡಿ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಏರು ಬಂದರೆ ತಾನೇ ಗೇರ್ ಇಳಿಸುತ್ತದೆ, ದಾರಿ ಬಯಲಾದರೆ ತಾನೇ ಏರಿಸುತ್ತದೆ. ಒಂದು ಸಲವೂ ಜಗ್ಗುವುದಿಲ್ಲ, ತಡ ಮಾಡುವುದಿಲ್ಲ, ಬೈಯುವುದಿಲ್ಲ. ನಾನು ಸುಮ್ಮನೆ ಕೂತಿರಬೇಕು. ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು, ಕೊಯ್ಲು ನಡೆದಿತ್ತು. ಇಳಿದು ಕಾಯಿ ನೋಡಬೇಕು ಅಂತ ಕೂಡ ಅನಿಸಲಿಲ್ಲ. ನಾನು ಹೊರಟು ಎಷ್ಟು ಹೊತ್ತಾಯಿತು, ಯಾವ ಹಳ್ಳಿ ಹಿಂದೆ ಬಿತ್ತು, ಒಂದೂ ತಲೆಗೆ ಹೋಗಲಿಲ್ಲ. ಗೌರಾಬಾಯಿ ಇದ್ದಾಗ ಪ್ರತಿ ಗೇರಿಗೂ ಅವಳ ಗದ್ದ ನನ್ನ ಬೆನ್ನಿಗೆ ಬಡಿಯುತ್ತಿತ್ತು, ಹಾಗಾಗಿ ನಿದ್ದೆ ಹತ್ತುತ್ತಿರಲಿಲ್ಲ.

ಅಫಜಲಪುರದ ಕಡೆ ಹವಳಗಾ ಸಕ್ಕರೆ ಫ್ಯಾಕ್ಟರಿ ಹತ್ತಿರ ದಾರಿಯೇ ಇಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು ಸಾಲುಗಟ್ಟಿ ನಿಂತಿದ್ದವು. ಹೊರಗೆ ಚಾಚಿದ ಕಬ್ಬನ್ನು ಭುಜದ ಬಲದಲ್ಲೇ ಎಡಗೈಯಿಂದ ಸರಿಸುತ್ತ, ನಡುವೆ ನುಸುಳಿ, ಸರ್ವರಬೇಗಂಳ ಚಹಾದಂಗಡಿ ಮುಂದೆ ನಿಲ್ಲಿಸಿದೆ. ನಾವಿಬ್ಬರೂ ಪ್ರತಿ ಸುಗ್ಗಿಯಲ್ಲೂ ಇಳಿಯುತ್ತಿದ್ದ ಜಾಗ ಅದು.

"ಅರೇ ಅಣ್ಣಾರ! ಭಾಳ ದಿನ ಆತಲ್ರಿ. ಎಲ್ಲದಾಳ ಕ್ಲಚ್ ಅಕ್ಕ?" ಅಂತ ಸರ್ವರಬೇಗಂ ನನ್ನ ಬೆನ್ನ ಹಿಂದೆ ಹಣಿಕಿ ನೋಡಿದಳು.

ಸುದ್ದಿ ಇವಳಿಗೆ ಮುಟ್ಟಿಲ್ಲ. ಹೇಳಬೇಕು ಅಂತ ಬಾಯಿ ತೆರೆದರೆ, "ಮನ್ಯಾಗ ಅದಾಳ" ಅಂತ ಬಂತು.

"ಯಾಕ್ರಿ, ಆರಾಮಿಲ್ಲೇನು?"

"ಆರಾಮದಾಳ. ಈ ಗಾಡಿಗಿ ಕ್ಲಚ್ ಬೇಕಾಗಂಗಿಲ್ಲ ತಂಗಿ. ಅದಕ ಬಂದಿಲ್ಲ."

ಸರ್ವರಬೇಗಂ ಕೈಯಲ್ಲಿನ ಸೌಟು ಕೆಳಗಿಟ್ಟಳು. "ಹಾಯ್ ಅಲ್ಲಾ! ಕ್ಲಚ್ ಬ್ಯಾಡಾತಂತ ಅಕ್ಕನ್ನೇ ಬಿಟ್ಟು ಬರ್ತಾರೇನ್ರಿ? ಅಕೀ ಕ್ಲಚ್ ಹಿಡ್ಯಾಕ ಬರ್ತಿದ್ದಳು ಅಂತ ತಿಳದೀರೇನು ನೀವು? ದುನಿಯಾ ನೋಡಾಕ ಬರ್ತಿದ್ದಳು. ನನ್ನ ಸಂಗಟ ಮಾತಾಡಾಕ ಬರ್ತಿದ್ದಳು. ಈ ಗಂಡಸರಿಗಿ ಅಕಲ್ ಅನ್ನೂದು ಎಂದ ಬರ್ತದೋ! ಮುಂದಿನ ಸಲ ಕರ್ಕೊಂಡ ಬರ್ರಿ, ಇಲ್ಲಂದ್ರ ಚಹಾ ಕೊಡಂಗಿಲ್ಲ."

ಹೂಂ ಅಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಸತ್ತ ಹೆಂಡತಿಯನ್ನು ಮನೆಯಲ್ಲಿದ್ದಾಳೆ ಅಂದೆನಲ್ಲ, ಆ ಸುಳ್ಳಾದರೂ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಭೀಮಾ ಸೇತುವೆ ದಾಟುವಾಗ ಕೆಳಗೆ ನೀರಿತ್ತೋ ಇಲ್ಲವೋ ನೋಡಲೂ ಇಲ್ಲ. ಜೇವರ್ಗಿ ದಾಟಿ ಇಜೇರಿಗೆ ಬಂದು ಮಗಳ ಅಂಗಳದಲ್ಲಿ ಗಾಡಿ ನಿಲ್ಲಿಸಿದೆ.

ಅಳಿಯ ಸಿದ್ದಲಿಂಗ ಕಟ್ಟೆಯ ಮೇಲೆ ಕೂತಿದ್ದವನು ಗಡಬಡಿಸಿ ಎದ್ದ. "ಬರ್ರಿ ಮಾವಾರ, ಬರ್ರಿ" ಅಂದ.

"ಯಾರಿಗಿ ಬರ್ರಿ ಅನಾಕತ್ತೀರಿ?" ಅನ್ನುತ್ತ ಸುನಿತಾ ಹೊರಗೆ ಬಂದಳು. ಒಂದು ವರ್ಷದಲ್ಲಿ ತೆಳ್ಳಗಾಗಿದ್ದಳು. ಹೊಸ್ತಿಲ ಮೇಲೆ ನಿಂತು ನನ್ನ ಬಿಟ್ಟು ಗಾಡಿಯನ್ನೇ ನೋಡಿದಳು. "ಈ ಸವತಿ ಮ್ಯಾಲ ಕೂತು ನನ್ನ ಮನೀತನಕ ಬಂದ್ಯಾ?"

"ನಿಮ್ಮವ್ವನ ಪುಣ್ಯತಿಥಿಗಿ ಕರಿಯಾಕ ಬಂದೇನವ್ವ" ಅಂದೆ.

"ಅತ್ತವರು ಮಾಡ್ತಾರ ಪುಣ್ಯತಿಥಿ. ನೀ ಯಾಕ ಮಾಡ್ತಿ? ಅವ್ವ ಹೋದಳು, ಅಕೀ ಜಾಗಾಕ್ಕ ಮಿಷನ್ ಕೂಡಿಸಿದಿ. ಮುಗೀತಲ್ಲ? ಅಕೀಗಿಂತ ಛಲೋ ಮಾಡ್ತದೇನು ಅದು?"

"ಹೌದು, ಛಲೋ ಮಾಡ್ತದ" ಅಂದೆ. ಇದ್ದದ್ದನ್ನೇ ಹೇಳಿದೆ. ಸಿದ್ದಲಿಂಗ ತಲೆ ತಗ್ಗಿಸಿದ. "ಭಾಳ ಛಲೋ ಮಾಡ್ತದ. ಅದಕ ನನಗ ದಾರ್ಯಾಗ ಏನೂ ತಿಳಿಯಂಗಿಲ್ಲ."

ಅವಳು ಕೈ ಎತ್ತಿ ಊರ ದಾರಿಯ ಕಡೆ ತೋರಿಸಿದಳು. ಹೋಗು ಅಂತ. ಮಾತು ಬಾಯಿಗೆ ಬರಬೇಕು, ಅಷ್ಟರಲ್ಲಿ ಅವಳ ಕಣ್ಣು ನೆಲದ ಮೇಲೆ ನಿಂತಿತು. ಬೆಳಿಗ್ಗೆ ಸಾರಿಸಿದ ಅಂಗಳದಲ್ಲಿ ಕೆಂಪು ಹನಿಗಳಿದ್ದವು. ಗಾಡಿಯಿಂದ ನಾನು ನಿಂತಲ್ಲಿಯವರೆಗೆ ಹನಿಗಳಿದ್ದವು.

"ಅಪ್ಪಾ, ಕೈ" ಅಂದಳು.

ನೋಡಿಕೊಂಡೆ. ಎಡ ಅಂಗೈ ಅಡ್ಡಕ್ಕೆ ಹರಿದಿತ್ತು, ಅಂಗಿಯ ತೋಳು ಒದ್ದೆಯಾಗಿತ್ತು. ಕಬ್ಬಿನ ಟ್ರಾಲಿಯ ತಗಡು ಇರಬೇಕು. ಹವಳಗಾದಿಂದ ಇಜೇರಿಯವರೆಗೆ ಅದನ್ನು ಹಾಗೆಯೇ ಹ್ಯಾಂಡಲ್ ಮೇಲೆ ಇಟ್ಟುಕೊಂಡು ಬಂದಿದ್ದೆ.

ಸುನಿತಾ ತಂಬಿಗೆ ತಂದಳು. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ತಾನು ಕೆಳಗೆ ಕೂತು, ನೀರು ಹಾಕಿ ತೊಳೆದಳು. ಅರಿಶಿನ ಒತ್ತಿದಳು. ಒತ್ತುವಾಗ ನನ್ನ ಮುಖ ನೋಡಿದಳು, ಮುಖದಲ್ಲಿ ಏನೂ ಕಾಣಲಿಲ್ಲ ಅವಳಿಗೆ. ರಕ್ತ ಹೋದ ಮೇಲೆ ಅಂಗೈಯನ್ನು ಬೆಳಕಿಗೆ ತಿರುವಿದಳು.

"ಇದೇನು, ಸುಟ್ಟದ್ದು?"

"ಚಹಾದ ಬೋಗುಣಿ ಇರಬೇಕು."

"ಇದು?"

"ಗೊತ್ತಿಲ್ಲ."

"ಈ ಬೆರಳಿಂದು?"

"ಗೊತ್ತಿಲ್ಲವ್ವ."

"ಒಲಿ ಮ್ಯಾಲ ಕೈ ಇಟ್ರೂ ಗೊತ್ತಾಗಂಗಿಲ್ಲೇನು ನಿನಗ?"

"ವಾಸನಿ ಬಂದ್ರ ಗೊತ್ತಾಗ್ತದ."

ಅವಳು ಕೈ ಬಿಡಲಿಲ್ಲ. ಅದನ್ನೇ ತಿರುವುತ್ತ ಅಂದಳು, "ಅವ್ವ ದಿನಾ ಸಂಜೀಕ ಬಾಗಲದಾಗ ಕೂತು ನಿನ್ನ ಕೈ ತಿರುವಿ ತಿರುವಿ ನೋಡ್ತಿದ್ದಳು. ಭವಿಷ್ಯ ಹೇಳ್ತಾಳ ನೋಡು ಅಂತ ನಾ ನಗಾಡ್ತಿದ್ದೆ."

"ಗಾಯ ಹುಡುಕ್ತಿದ್ದಳು" ಅಂದೆ.

"ಈಗ ಯಾರು ನೋಡ್ತಾರ?"

ಸಿದ್ದಲಿಂಗ ಬಟ್ಟೆ ತರುತ್ತೇನೆ ಅಂತ ಒಳಗೆ ಹೋದ.

"ಅಪ್ಪಾ" ಅಂದಳು, ದನಿ ಸಣ್ಣಗಾಗಿತ್ತು. "ಅವತ್ತ ನಾ ನಿನ್ನ ಕೊರಳಿಗಿ ಬಿದ್ದು ಅತ್ತೆ. ನೀ ಕುರ್ಚಿ ತರ್ಸು ಅಂದಿ. ಅವತ್ತೂ ಹಿಂಗ ಇತ್ತೇನು? ಈ ಕೈಯಂಗ?"

"ಹಿಂಗ ಇತ್ತು. ಇನ್ನೂ ಹಿಂಗ ಅದ."

ಆಗ ಅವಳು ಅಳತೊಡಗಿದಳು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಬಾಯಿ ಬಿಟ್ಟು, ಅವ್ವನ ಹೆಸರು ಹಿಡಿದು ಹಾಡಿ ಅತ್ತಳು. ಯಾರ ಬಗಲಾಗ ಕೈ ತೂರಿಸಿದ್ಯವ್ವ, ಯಾರ ಕೈ ನೋಡ್ತಿದ್ಯವ್ವ, ಯಾರಿಗಿ ಒಪ್ಪಿಸಿ ಹೋದ್ಯವ್ವ ಅಂತ. ಓಣಿಯವರು ಬಾಗಿಲಿಗೆ ಬಂದು ನಿಂತರು. ನಡುವೆ ತಡೆದು, ಮೂಗು ಒರೆಸಿಕೊಂಡು, "ಪುಣ್ಯತಿಥಿಗಿ ಬರ್ತೇನಿ. ಬಸ್ಸಿಗಿ ಬರ್ತೇನಿ, ಆ ಸವತಿ ಮ್ಯಾಲ ಸತ್ರೂ ಕೂಡಂಗಿಲ್ಲ" ಅಂತ ಸಿಟ್ಟಿನಲ್ಲಿ ಹೇಳಿ ಮತ್ತೆ ಅತ್ತಳು.

ಅವಳ ಕಣ್ಣೀರು ನನ್ನ ಎಡ ಅಂಗೈ ಮೇಲೆ ಬೀಳುತ್ತಿತ್ತು. ಬೀಳುವುದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಬಲಗೈ ತಂದು ಅದರ ಮೇಲೆ ಹಿಡಿದೆ. ಬಿಸಿ ಇತ್ತು.